ಮ್ಯಾಡ್ರಿಡ್‌ಗೆ ಓದಲು ಹೊರಟಿದ್ದೀರಾ? ಮೊದಲ ದಿನಗಳ ಕೆಲಸ ಈ ಕ್ರಮದಲ್ಲಿ ಮಾಡಿ

ಆಗಸ್ಟ್ ಹತ್ತಿರ ಬಂತು ಅಂದರೆ ಒಂದೇ ಥರದ ಪ್ರಶ್ನೆಗಳು ಶುರುವಾಗುತ್ತವೆ. ಮನೆ ಇಲ್ಲಿಂದಲೇ ಬುಕ್ ಮಾಡಬೇಕಾ? ಗುರುತಿನ ಕಾರ್ಡ್‌ಗೆ ಎಷ್ಟು ದಿನ ಟೈಮ್ ಇದೆ? ಬ್ಯಾಂಕ್ ಖಾತೆ ಮೊದಲೋ, ವಿಳಾಸ ನೋಂದಣಿ ಮೊದಲೋ? ತೊಗರಿಬೇಳೆ ಸಿಗತ್ತಾ? ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕೊಡುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಸ್ಪೇನ್‌ನಲ್ಲಿ ಒಂದು ಕಾಗದಕ್ಕೆ ಇನ್ನೊಂದು ಕಾಗದ ಬೇಕು. ಮನೆ ಇದ್ದರೆ ವಿಳಾಸ ನೋಂದಣಿ, ಆ ನೋಂದಣಿ ಇದ್ದರೆ ಗುರುತಿನ ಕಾರ್ಡ್, ಕಾರ್ಡ್ ಕೈಗೆ ಬಂದರೆ ಉಳಿದದ್ದೆಲ್ಲ ಸಲೀಸು. ಕ್ರಮ ತಪ್ಪಿದರೆ ವಾರಗಟ್ಟಲೆ ಸುಮ್ನೆ ಅಲೆದಾಟ. ಆದ್ದರಿಂದ ಕೆಳಗಿನ ಹಂತಗಳನ್ನು ಆದಷ್ಟು ಇದೇ ಕ್ರಮದಲ್ಲಿ ಮಾಡಿ. ನಾನು ಮ್ಯಾಡ್ರಿಡ್ ಊರನ್ನೇ ಇಟ್ಟುಕೊಂಡು ಬರೆದಿದ್ದೇನೆ. ಕಾಗದದ ವಿಷಯ ಬಾರ್ಸಿಲೋನಾ, ವಲೆನ್ಸಿಯಾ, ಸಲಾಮಾಂಕಾಗೆ ಹೋಗುವವರಿಗೂ ಹೆಚ್ಚುಕಡಿಮೆ ಇದೇ. ಬಸ್ಸು, ಮೆಟ್ರೊ, ಬಡಾವಣೆಗಳು ಮಾತ್ರ ಬೇರೆ.

1. ಹೊರಡುವ ಮುಂಚೆ

ಕಾಗದಗಳ ಫೈಲ್ ಕೈಚೀಲದಲ್ಲಿರಲಿ, ದೊಡ್ಡ ಸೂಟ್‌ಕೇಸ್‌ಗೆ ಹಾಕಬೇಡಿ. ಪಾಸ್‌ಪೋರ್ಟ್, ವಿಶ್ವವಿದ್ಯಾಲಯದ ಪ್ರವೇಶ ಪತ್ರ, ಫೀಸು ಕಟ್ಟಿದ ರಸೀದಿ, ಆರೋಗ್ಯ ವಿಮೆಯ ಪತ್ರ, ಉಳಿದುಕೊಳ್ಳುವ ಜಾಗದ ವಿಳಾಸ, ಹಣಕಾಸಿನ ದಾಖಲೆ ಇವೆಲ್ಲ ಇರಬೇಕು. ವಲಸೆ ಅಧಿಕಾರಿ ಕೇಳಿದರೆ ತಕ್ಷಣ ತೆಗೆದು ತೋರಿಸುವಂತಿರಬೇಕು. ಪದವಿ ಪ್ರಮಾಣಪತ್ರಕ್ಕೆ ಅಪೊಸ್ಟಿಲ್ ಮಾಡಿಸಿದ್ದರೆ ಮೂಲಪ್ರತಿಯನ್ನೇ ಒಯ್ಯಿರಿ. ಅಪೊಸ್ಟಿಲ್ ಅಂದರೆ ನಮ್ಮ ದಾಖಲೆಯನ್ನು ಬೇರೆ ದೇಶ ಒಪ್ಪುವಂತೆ ವಿದೇಶಾಂಗ ಸಚಿವಾಲಯ ಹಾಕಿಕೊಡುವ ಮುದ್ರೆ. ಅಲ್ಲಿಗೆ ಹೋದಮೇಲೆ ಇಲ್ಲಿಂದ ಮಾಡಿಸಿ ತರಿಸುವುದು ಬಹಳ ತ್ರಾಸು.

ಹೆಸರಿನ ವಿಷಯಕ್ಕೆ ಈಗಲೇ ಗಮನ ಕೊಡಿ. ಸ್ಪೇನ್‌ನವರಿಗೆ ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು, ಹೀಗೆ ಎರಡು ಮನೆತನದ ಹೆಸರು. ಅರ್ಜಿಗಳೂ ಹಾಗೇ ಇರುತ್ತವೆ. ನಮ್ಮಲ್ಲಿ ಒಬ್ಬರಿಗೆ ಊರ ಹೆಸರು ಮುಂದೆ, ಇನ್ನೊಬ್ಬರಿಗೆ ಅಪ್ಪನ ಹೆಸರು ಹಿಂದೆ, ಮತ್ತೊಬ್ಬರಿಗೆ ಬರೀ ಇನಿಷಿಯಲ್. ಕೆಲವರ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿಯೇ ಇರುತ್ತದೆ. ನಿಯಮ ಸರಳ: ಪಾಸ್‌ಪೋರ್ಟ್‌ನಲ್ಲಿ ಹೇಗಿದೆಯೋ ಅಕ್ಷರ ಅಕ್ಷರ ಹಾಗೇ ಎಲ್ಲ ಕಡೆ ಬರೆಯಿರಿ. ಎರಡನೇ ಮನೆತನದ ಹೆಸರಿನ ಜಾಗ ಖಾಲಿ ಬಿಡಿ, ತುಂಬಲೇಬೇಕು ಅಂತ ಅಮ್ಮನ ಹೆಸರು ಹಾಕಬೇಡಿ. ಬ್ಯಾಂಕ್‌ನಲ್ಲಿ ಒಂದು ಹೆಸರು, ಕಾಲೇಜಲ್ಲಿ ಇನ್ನೊಂದು ಆದರೆ ಸರಿಪಡಿಸಲು ತಿಂಗಳುಗಳೇ ಹಿಡಿಯುತ್ತವೆ.

ಭಾರತದ ಸಿಮ್ ಬಂದ್ ಮಾಡಬೇಡಿ. ಇಲ್ಲಿನ ಬ್ಯಾಂಕ್‌ನ ಒಟಿಪಿ ಬರುವುದು ಆ ನಂಬರಿಗೇ. ಮೆಸೇಜ್ ಬರುವಷ್ಟಾದರೂ ರೋಮಿಂಗ್ ಚಾಲೂ ಮಾಡಿಸಿ. ಕಾರ್ಡ್‌ಗಳಲ್ಲಿ ವಿದೇಶಿ ವ್ಯವಹಾರದ ಆಯ್ಕೆಯನ್ನೂ ಮನೆಯಲ್ಲಿದ್ದಾಗಲೇ ಆನ್ ಮಾಡಿ. ಅಲ್ಲಿ ಇಳಿದಮೇಲೆ ಒಟಿಪಿ ಇಲ್ಲದೆ ಅದನ್ನು ಆನ್ ಮಾಡುವುದೂ ಆಗುವುದಿಲ್ಲ.

ಇನ್ನು ತಿಂಡಿ. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಬರುವವರು ಮಾಂಸ, ಹಾಲು ಮತ್ತು ಅವುಗಳಿಂದ ಮಾಡಿದ ಪದಾರ್ಥ ತರುವ ಹಾಗಿಲ್ಲ. ಅಂದರೆ ಧಾರವಾಡ ಪೇಡ ಬೇಡ, ತುಪ್ಪದ ಡಬ್ಬಿಯೂ ಬೇಡ. ಅಮ್ಮ ಎಷ್ಟೇ ಒತ್ತಾಯ ಮಾಡಿದರೂ ಇದೊಂದು ಮಾತು ಕೇಳಬೇಡಿ, ಕಸ್ಟಮ್ಸ್‌ನಲ್ಲಿ ಸಿಕ್ಕರೆ ಕಸದ ಬುಟ್ಟಿಗೆ ಹೋಗುತ್ತದೆ. ಹಸಿ ಕರಿಬೇವು, ಹಸಿ ತರಕಾರಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು, ಬಿಟ್ಟುಬಿಡಿ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿಪುಡಿ, ಖಡಕ್ ಜೋಳದ ರೊಟ್ಟಿ ಇವು ಆರಾಮಾಗಿ ಬರುತ್ತವೆ. ದಿನಾ ತೆಗೆದುಕೊಳ್ಳುವ ಮಾತ್ರೆಗಳಿದ್ದರೆ ವೈದ್ಯರ ಚೀಟಿಯ ಜೊತೆ ಒಯ್ಯಿರಿ.

ಕುಕ್ಕರ್ ಒಯ್ಯುವವರು ಇಂಡಕ್ಷನ್ ತಳ ಇರುವುದನ್ನೇ ಕೊಳ್ಳಿ. ಅಲ್ಲಿನ ಎಷ್ಟೋ ಮನೆಗಳಲ್ಲಿ ಗ್ಯಾಸ್ ಇಲ್ಲ, ಗಾಜಿನ ಮೇಲ್ಮೈಯ ವಿದ್ಯುತ್ ಒಲೆ ಅಥವಾ ಇಂಡಕ್ಷನ್ ಇರುತ್ತದೆ. ಸಾದಾ ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಮೇಲೆ ಕಾಯುವುದೇ ಇಲ್ಲ. ವಿದ್ಯುತ್ 230 ವೋಲ್ಟ್, ನಮ್ಮ ಹಾಗೇ. ಪ್ಲಗ್ ಮಾತ್ರ ಬೇರೆ. ಫೋನ್ ಚಾರ್ಜರ್‌ನ ಸಣ್ಣ ಎರಡು ಪಿನ್ ಸಾಮಾನ್ಯವಾಗಿ ಹೊಂದುತ್ತದೆ, ಮೂರು ಪಿನ್ನಿನದಕ್ಕೆ ಅಡಾಪ್ಟರ್ ಬೇಕೇ ಬೇಕು.

2. ಏರ್‌ಪೋರ್ಟ್‌ನಿಂದ ಊರೊಳಗೆ

ದುಬೈ, ದೋಹಾ ಕಡೆಯಿಂದ ಬಂದರೆ ಪಾಸ್‌ಪೋರ್ಟ್ ತಪಾಸಣೆ ಮ್ಯಾಡ್ರಿಡ್‌ನಲ್ಲೇ. ಫ್ರಾಂಕ್‌ಫರ್ಟ್, ಪ್ಯಾರಿಸ್, ಆಮ್‌ಸ್ಟರ್‌ಡ್ಯಾಂ ಮೂಲಕ ಬಂದರೆ ತಪಾಸಣೆ ಆ ಊರಲ್ಲೇ ಮುಗಿದಿರುತ್ತದೆ, ಯಾಕಂದರೆ ಅವೂ ಷೆಂಗೆನ್ ಒಳಗಿನವೇ. ಷೆಂಗೆನ್ ಅಂದರೆ ತಮ್ಮ ನಡುವೆ ಗಡಿ ತಪಾಸಣೆ ಇಟ್ಟುಕೊಳ್ಳದ ಯುರೋಪ್ ದೇಶಗಳ ಗುಂಪು. ಹೀಗೆ ಬಂದವರ ಪಾಸ್‌ಪೋರ್ಟ್‌ನಲ್ಲಿ ಸ್ಪೇನ್‌ಗೆ ಕಾಲಿಟ್ಟ ದಿನದ ಮುದ್ರೆ ಇರುವುದಿಲ್ಲ. ಮುಂದೆ ಆ ದಿನವನ್ನು ತೋರಿಸಬೇಕಾಗುತ್ತದೆ, ಆದ್ದರಿಂದ ಬೋರ್ಡಿಂಗ್ ಪಾಸ್ ಎಸೆಯಬೇಡಿ. ಇಂಥವರು ಮೂರು ಕೆಲಸದ ದಿನಗಳೊಳಗೆ ಪೊಲೀಸರ ಬಳಿ ಪ್ರವೇಶದ ಘೋಷಣೆ ಕೊಡಬೇಕೆಂಬ ನಿಯಮವೂ ಇದೆ. ಇದಕ್ಕೆ ಎಲ್ಲಿಗೆ ಹೋಗಬೇಕೆಂದು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಹೊರಡುವ ಮುಂಚೆಯೇ ಮೇಲ್ ಬರೆದು ಕೇಳಿಕೊಳ್ಳಿ.

ಬರಾಹಾಸ್ ವಿಮಾನ ನಿಲ್ದಾಣದಲ್ಲಿ ನಾಲ್ಕು ಟರ್ಮಿನಲ್. 1, 2, 3 ಒಂದಕ್ಕೊಂದು ಅಂಟಿಕೊಂಡಿವೆ, ನಾಲ್ಕನೆಯದು ದೂರ. ಕರೆಯಲು ಯಾರಾದರೂ ಬರುತ್ತಿದ್ದರೆ ಟರ್ಮಿನಲ್ ನಂಬರ್ ಸರಿಯಾಗಿ ಹೇಳಿ. ಅಲ್ಲಿಂದ ಊರಿಗೆ ಬರಲು ದಾರಿಗಳು ಹೀಗಿವೆ.

ಎರಡು ದೊಡ್ಡ ಸೂಟ್‌ಕೇಸ್ ಇದ್ದರೆ ನನ್ನ ಸಲಹೆ ಟ್ಯಾಕ್ಸಿ. ಎಂ-30 ಅನ್ನುವ ವರ್ತುಲ ರಸ್ತೆಯ ಒಳಗೆ ಎಲ್ಲಿಗೆ ಹೋದರೂ 33 ಯೂರೋ ನಿಗದಿ ದರ, ಲಗೇಜಿಗೆ ಬೇರೆ ಕೊಡಬೇಕಾಗಿಲ್ಲ. ಬಿಳಿ ಕಾರು, ಬಾಗಿಲ ಮೇಲೆ ಓರೆಯಾದ ಕೆಂಪು ಪಟ್ಟಿ ಇರುವುದನ್ನೇ ಸಾಲಿನಲ್ಲಿ ನಿಂತು ಹತ್ತಿ. ಒಳಗೇ ಬಂದು "ಟ್ಯಾಕ್ಸಿ, ಟ್ಯಾಕ್ಸಿ" ಅನ್ನುವವರ ಹಿಂದೆ ಹೋಗಬೇಡಿ.

ಹಗುರ ಸಾಮಾನಿದ್ದರೆ 203 ನಂಬರಿನ ಹಳದಿ ಬಸ್ಸು. 5 ಯೂರೋ, ದಿನದ 24 ಗಂಟೆಯೂ ಓಡುತ್ತದೆ. ಹಗಲು ಅತೋಚಾ ರೈಲು ನಿಲ್ದಾಣದವರೆಗೆ ಹೋಗುತ್ತದೆ, ತಡರಾತ್ರಿ ಸಿಬೆಲೆಸ್ ಚೌಕದಲ್ಲೇ ನಿಲ್ಲುತ್ತದೆ. ರಾತ್ರಿ ಬರುವವರು ಇದನ್ನು ಮರೆಯಬೇಡಿ.

ಮೂರನೆಯದು ಮೆಟ್ರೊ, 8ನೇ ಮಾರ್ಗ. ಬೆಳಿಗ್ಗೆ 6ರಿಂದ ರಾತ್ರಿ ಒಂದೂವರೆವರೆಗೆ. ಕಾಗದದ ಟಿಕೆಟ್ ಇಲ್ಲ. ಯಂತ್ರದಲ್ಲಿ 2.50 ಯೂರೋ ಕೊಟ್ಟು "ಮುಲ್ತಿ" ಅನ್ನುವ ಕೆಂಪು ಕಾರ್ಡ್ ಕೊಂಡು ಅದಕ್ಕೆ ಪ್ರಯಾಣ ತುಂಬಿಸಬೇಕು. ಏರ್‌ಪೋರ್ಟ್ ನಿಲ್ದಾಣಕ್ಕೆ 3 ಯೂರೋ ಹೆಚ್ಚುವರಿ ಶುಲ್ಕವೂ ಇದೆ. ದಾರಿಯಲ್ಲಿ ಮಾರ್ಗ ಬದಲಿಸುವಾಗ ಮೆಟ್ಟಿಲು ಸಿಕ್ಕಾಪಟ್ಟೆ, ಎಲ್ಲ ನಿಲ್ದಾಣದಲ್ಲೂ ಲಿಫ್ಟ್ ಇಲ್ಲ.

3. ಮೊದಲ ದಿನ

ನಿದ್ದೆ ಮಾಡಿ, ಆದರೆ ಅಲ್ಲಿನ ರಾತ್ರಿಯಲ್ಲೇ ಮಾಡಿ. ಬೇಸಿಗೆ ಕಾಲದಲ್ಲಿ ಭಾರತಕ್ಕಿಂತ ಮೂರೂವರೆ ಗಂಟೆ ಹಿಂದೆ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರ ಬದಲಿಸುತ್ತಾರೆ, ಆಮೇಲೆ ನಾಲ್ಕೂವರೆ. ಮನೆಗೆ ಫೋನ್ ಮಾಡುವ ಟೈಮ್ ಇದರ ಮೇಲೆ ಲೆಕ್ಕ ಹಾಕಿ.

ಅಲ್ಲಿನ ಸಿಮ್ ಅದೇ ದಿನ ಕೊಂಡುಬಿಡಿ, ಅಪಾಯಿಂಟ್‌ಮೆಂಟ್‌ಗಳಿಗೆಲ್ಲ ಸ್ಪೇನ್ ನಂಬರ್ ಇದ್ದರೆ ಸುಲಭ. ಪಾಸ್‌ಪೋರ್ಟ್ ತೋರಿಸಲೇಬೇಕು, ಕಾನೂನೇ ಹಾಗಿದೆ. ಪ್ರೀಪೇಯ್ಡ್ ಸಾಕು. ವರ್ಷದ ಒಪ್ಪಂದಕ್ಕೆ ಈಗಲೇ ಸಹಿ ಹಾಕಬೇಡಿ.

ನಲ್ಲಿ ನೀರು ಧಾರಾಳವಾಗಿ ಕುಡಿಯಿರಿ, ಮ್ಯಾಡ್ರಿಡ್ ನೀರು ಚೆನ್ನಾಗಿದೆ. ಬಾಟಲಿ ನೀರಿಗೆ ದುಡ್ಡು ದಂಡ.

4. ಮನೆ ಅಥವಾ ರೂಮು

ಇಲ್ಲಿ ಆತುರ ಮಾಡಿದವರೇ ಜಾಸ್ತಿ ಕಳೆದುಕೊಳ್ಳುವುದು. ವಿಶ್ವವಿದ್ಯಾಲಯದ ಹಾಸ್ಟೆಲ್ ಸಿಕ್ಕಿದರೆ ಮೊದಲ ವರ್ಷ ಅದೇ ಒಳ್ಳೆಯದು. "ಕೊಲೆಹಿಯೊ ಮಯೋರ್" ಅಂತ ಕರೆಯುವ ಹಾಸ್ಟೆಲ್‌ಗಳಲ್ಲಿ ಊಟವೂ ಸೇರಿರುತ್ತದೆ. ಅದು ಸಿಗದಿದ್ದರೆ ಮೊದಲ ಎರಡು ವಾರಕ್ಕೆ ಮಾತ್ರ ತಾತ್ಕಾಲಿಕ ಜಾಗ ಬುಕ್ ಮಾಡಿ, ಅಲ್ಲಿದ್ದುಕೊಂಡು ರೂಮು ಹುಡುಕಿ. ಕಣ್ಣಾರೆ ನೋಡದ ರೂಮಿಗೆ ಬೆಂಗಳೂರಿನಿಂದ ಅಡ್ವಾನ್ಸ್ ಕಳಿಸಬೇಡಿ. ಮೋಸದ ಜಾಹೀರಾತು ಗುರುತು ಹಿಡಿಯುವುದು ಕಷ್ಟವಲ್ಲ: ಬಾಡಿಗೆ ಸುತ್ತಲಿನದಕ್ಕಿಂತ ತೀರಾ ಕಡಿಮೆ, ಓನರ್ ಬೇರೆ ದೇಶದಲ್ಲಿ, ಕೀಲಿ ಕೊರಿಯರ್‌ನಲ್ಲಿ, ದುಡ್ಡು ಮೊದಲು.

ಜಾಹೀರಾತುಗಳಿಗೆ ಇದೆಯಾಲಿಸ್ತಾ ಮತ್ತು ಫೋತೊಕಾಸಾ ಎಲ್ಲರೂ ನೋಡುವ ತಾಣಗಳು. ಕೊಂಪ್ಲುತೆನ್ಸೆ ಅಥವಾ ಪೊಲಿತೆಕ್ನಿಕಾದಲ್ಲಿ ಓದುವವರಿಗೆ ಮೊಂಕ್ಲೊವಾ, ಆರ್ಗ್ವೆಯೆಸ್ ಹತ್ತಿರ, ಆದರೆ ಬಾಡಿಗೆ ಜಾಸ್ತಿ. ತೆತುವಾನ್, ಕಾರಾಬಾಂಚೆಲ್, ಬಾಯೆಕಾಸ್ ಕಡೆ ಕಡಿಮೆ, ಮೆಟ್ರೊ ಇದೆ. ಆತೊನೊಮಾದವರು ಉತ್ತರದ ಕಡೆಗೇ ನೋಡಿ, ಅವರ ಕ್ಯಾಂಪಸ್ ಕಾಂತೊಬ್ಲಾಂಕೊದಲ್ಲಿ, ಲೋಕಲ್ ರೈಲು ಬೇಕು. ಕಾರ್ಲೋಸ್ ಮೂರನೆಯ ವಿಶ್ವವಿದ್ಯಾಲಯದ ಬಹುಪಾಲು ತರಗತಿಗಳು ಹೆತಾಫೆಯಲ್ಲಿ. ಅದು ಮ್ಯಾಡ್ರಿಡ್ ಪಕ್ಕದ ಬೇರೆಯದೇ ಊರು, ಇದು ಮುಂದಿನ ಹಂತದಲ್ಲಿ ಮುಖ್ಯವಾಗುತ್ತದೆ.

ಜಾಹೀರಾತಿನ ಕೆಲವು ಪದ ಗೊತ್ತಿರಲಿ. "ಇಂತೆರಿಯೋರ್" ಅಂದರೆ ಕಿಟಕಿ ಕಟ್ಟಡದ ಒಳಗಿನ ಅಂಗಳಕ್ಕೆ ತೆರೆಯುತ್ತದೆ. ಬಿಸಿಲು ಬೀಳುವುದಿಲ್ಲ, ಎಷ್ಟೋ ಕಡೆ ಕಾಣುವುದು ಎದುರಿನ ಗೋಡೆ ಮತ್ತು ಬಟ್ಟೆ ಒಣಹಾಕುವ ಹಗ್ಗ. "ಎಕ್ಸ್‌ತೆರಿಯೋರ್" ಅಂದರೆ ಬೀದಿ ಕಡೆ. ಫೋಟೊದಲ್ಲಿ ಎರಡೂ ಬೆಳ್ಳಗೆ ಕಾಣುತ್ತವೆ, ಆದ್ದರಿಂದ ಹಗಲಲ್ಲೇ ಹೋಗಿ ನೋಡಿ. "ಗಾಸ್ತೋಸ್ ಇಂಕ್ಲುಯಿದೋಸ್" ಅಂದರೆ ಕರೆಂಟು, ನೀರು, ಇಂಟರ್ನೆಟ್ ಬಾಡಿಗೆಯಲ್ಲೇ ಸೇರಿದೆ. ಹೀಟರ್ ಅದರಲ್ಲಿ ಸೇರಿದೆಯಾ ಅಂತ ಬಿಡಿಸಿ ಕೇಳಿ, ಮ್ಯಾಡ್ರಿಡ್ ಚಳಿಗಾಲ ನಮ್ಮ ಬೆಂಗಳೂರಿನದಲ್ಲ. "ಫಿಯಾನ್ಸಾ" ಅಂದರೆ ಠೇವಣಿ. ವಾಸದ ಮನೆಗೆ ಕಾನೂನು ಹೇಳುವುದು ಒಂದು ತಿಂಗಳ ಬಾಡಿಗೆಯಷ್ಟು. ನಮ್ಮಲ್ಲಿಯ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿಲ್ಲ. ಕೊಟ್ಟದ್ದಕ್ಕೆ ರಸೀದಿ ಕೇಳಿ. ಒಳಗೆ ಕಾಲಿಟ್ಟ ದಿನವೇ ಗೋಡೆ, ಹಾಸಿಗೆ, ಬಚ್ಚಲು ಎಲ್ಲದರ ಫೋಟೊ ತೆಗೆದು ಓನರ್‌ಗೆ ಕಳಿಸಿಬಿಡಿ. ಬಿಡುವಾಗ ಜಗಳ ಇರುವುದಿಲ್ಲ.

ಸಹಿ ಹಾಕುವ ಮುಂಚೆ ಕೇಳಲೇಬೇಕಾದ ಪ್ರಶ್ನೆ ಒಂದಿದೆ: "ಮೆ ಪ್ವೆದೊ ಎಂಪಾದ್ರೊನಾರ್?" ಅಂದರೆ, ಈ ವಿಳಾಸದಲ್ಲಿ ನಾನು ಹೆಸರು ನೋಂದಾಯಿಸಬಹುದಾ? ಕೆಲವು ಓನರ್‌ಗಳು ಇದಕ್ಕೆ ಒಪ್ಪುವುದಿಲ್ಲ. ಅಂಥ ರೂಮು ಎಷ್ಟೇ ಚೆನ್ನಾಗಿರಲಿ, ಎಷ್ಟೇ ಅಗ್ಗವಾಗಿರಲಿ, ಬಿಟ್ಟುಬಿಡಿ.

ವಿಳಾಸ ಓದುವ ಬಗೆಯನ್ನೂ ಹೇಳಿಬಿಡುತ್ತೇನೆ. ಬೀದಿಯ ಬಾಗಿಲಲ್ಲಿ ಬೆಲ್‌ಗಳ ಫಲಕ ಇರುತ್ತದೆ, ಮನೆಯವರ ಹೆಸರು ಬರೆದಿರುವುದೇ ಇಲ್ಲ. "3, ಇಸ್ಕ್ಯೆರ್ದಾ" ಅಂದರೆ ಮೂರನೇ ಮಹಡಿಯ ಎಡಗಡೆ ಮನೆ, "ದೆರೇಚಾ" ಅಂದರೆ ಬಲಗಡೆ. ನೆಲಮಹಡಿಗೆ "ಬಾಹೊ" ಅನ್ನುತ್ತಾರೆ. ಹಳೇ ಕಟ್ಟಡಗಳಲ್ಲಿ ನೆಲಮಹಡಿ ಮತ್ತು ಒಂದನೇ ಮಹಡಿಯ ನಡುವೆ ಇನ್ನೊಂದೆರಡು ಅಂತಸ್ತು ಬೇರೆ ಹೆಸರಲ್ಲಿ ಇರುವುದೂ ಉಂಟು. ಲಿಫ್ಟ್ ಇಲ್ಲದ ಕಡೆ "ಮೂರನೇ ಮಹಡಿ" ಅಂದರೆ ಐದು ಮಹಡಿ ಹತ್ತಬೇಕಾಗಬಹುದು. ಮಹಡಿ ಮತ್ತು ಗುರುತು ಬರೆಯದಿದ್ದರೆ ನಿಮ್ಮ ಅಂಚೆ, ಪಾರ್ಸೆಲ್ ಯಾವುದೂ ಬರುವುದಿಲ್ಲ.

5. ಪಾದ್ರೋನ್: ವಿಳಾಸ ನೋಂದಣಿ

ಊರಿನ ನಿವಾಸಿಗಳ ಪಟ್ಟಿಯೇ ಪಾದ್ರೋನ್. ಅದರಲ್ಲಿ ಹೆಸರು ಬರೆಸುವ ಕೆಲಸಕ್ಕೆ ಎಂಪಾದ್ರೊನಾಮಿಯೆಂತೊ ಅಂತ ಹೆಸರು. ಇದು ಪೊಲೀಸರದ್ದಲ್ಲ, ನಗರಪಾಲಿಕೆಯ ಕೆಲಸ. ಪೂರ್ತಿ ಉಚಿತ. ಮ್ಯಾಡ್ರಿಡ್‌ನಲ್ಲಿ "ಲೀನೆಯಾ ಮ್ಯಾಡ್ರಿಡ್" ಕಚೇರಿಗಳಲ್ಲಿ ಮಾಡುತ್ತಾರೆ. ನಿಮ್ಮ ಬಡಾವಣೆಯದೇ ಆಗಬೇಕೆಂದಿಲ್ಲ, ಊರಿನ ಯಾವ ಕಚೇರಿಯಲ್ಲಿ ಸಮಯ ಬೇಗ ಸಿಗುತ್ತದೋ ಅಲ್ಲಿಗೆ ಹೋಗಿ. ಸಮಯವನ್ನು ಪಾಲಿಕೆಯ ತಾಣದಲ್ಲಿ ಅಥವಾ 010ಕ್ಕೆ ಫೋನ್ ಮಾಡಿ ತೆಗೆದುಕೊಳ್ಳಬಹುದು. ಹೆತಾಫೆಯಲ್ಲಿ ರೂಮು ಮಾಡಿದವರು ಮ್ಯಾಡ್ರಿಡ್ ಕಚೇರಿಗೆ ಹೋದರೆ ವಾಪಸ್ ಕಳಿಸುತ್ತಾರೆ, ಹೆತಾಫೆ ಪಾಲಿಕೆಗೇ ಹೋಗಬೇಕು.

ಬೇಕಾಗುವುದು ಪಾಸ್‌ಪೋರ್ಟ್ ಮತ್ತು ನಿಮ್ಮ ಹೆಸರಿರುವ ಬಾಡಿಗೆ ಒಪ್ಪಂದ. ಒಪ್ಪಂದ ನಿಮ್ಮ ಹೆಸರಲ್ಲಿ ಇಲ್ಲದಿದ್ದರೆ ಓನರ್ ಅಥವಾ ಅಲ್ಲೇ ನೋಂದಣಿಯಾಗಿರುವ ಹಿರಿಯ ಬಾಡಿಗೆದಾರರು ಸಹಿ ಮಾಡಿದ ಒಪ್ಪಿಗೆ, ಜೊತೆಗೆ ಅವರ ಗುರುತಿನ ಚೀಟಿಯ ನಕಲು. ಕೆಲಸ ಮುಗಿದಾಗ "ಬೊಲಾಂತೆ" ಕೇಳಿ ಪಡೆಯಿರಿ, ಅದು ನಿಮ್ಮ ವಿಳಾಸದ ಪುರಾವೆಯ ಹಾಳೆ. ಮುಂದಿನ ಹಂತಕ್ಕೆ ಮೂರು ತಿಂಗಳಿಗಿಂತ ಹಳೆಯದು ಆಗಬಾರದು. ಮನೆ ಬದಲಿಸಿದರೆ ನೋಂದಣಿಯನ್ನೂ ಬದಲಿಸಿ. ನಮ್ಮಂಥ ಯುರೋಪಿನ ಹೊರಗಿನವರು ಎರಡು ವರ್ಷಕ್ಕೊಮ್ಮೆ ಇದನ್ನು ನವೀಕರಿಸಬೇಕು.

6. ಟಿಐಇ: ಗುರುತಿನ ಕಾರ್ಡ್

ಎಲ್ಲಕ್ಕಿಂತ ದೊಡ್ಡ ಕೆಲಸ ಇದೇ. ಆರು ತಿಂಗಳಿಗಿಂತ ಜಾಸ್ತಿ ಇರುವ ವಿದ್ಯಾರ್ಥಿಗಳೆಲ್ಲ ಸ್ಪೇನ್‌ಗೆ ಬಂದ ಒಂದು ತಿಂಗಳೊಳಗೆ ಈ ಕಾರ್ಡ್‌ಗೆ ಅರ್ಜಿ ಹಾಕಬೇಕು. ವೀಸಾ ಇನ್ನೂ ಇದೆಯಲ್ಲ ಅಂತ ಸುಮ್ಮನಿರಬೇಡಿ. ಇದರ ಜೊತೆ ಎನ್‌ಐಇ ಅನ್ನುವ ಹೆಸರೂ ಕೇಳುತ್ತೀರಿ. ಎನ್‌ಐಇ ಅಂದರೆ ವಿದೇಶಿಯರಿಗೆ ಕೊಡುವ ಸಂಖ್ಯೆ, ಸಾಮಾನ್ಯವಾಗಿ ನಿಮ್ಮ ವೀಸಾ ಮೇಲೇ ಅಚ್ಚಾಗಿರುತ್ತದೆ. ಟಿಐಇ ಅಂದರೆ ಆ ಸಂಖ್ಯೆ ಇರುವ ಕಾರ್ಡ್. ಅಲ್ಲಿಯವರು "ನಿಯೆ", "ತಿಯೆ" ಅಂತ ಕರೆಯುತ್ತಾರೆ. ಎರಡನ್ನೂ ಒಂದೇ ಅಂದುಕೊಂಡು ಬೇರೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡವರು ಬಹಳ ಜನ. ನಿಮಗೆ ಬೇಕಾದದ್ದು ಬೆರಳಚ್ಚು ಕೊಡುವ ಅಪಾಯಿಂಟ್‌ಮೆಂಟ್, "ತೋಮಾ ದೆ ವೆಯಾಸ್".

ಅಪಾಯಿಂಟ್‌ಮೆಂಟ್‌ಗೆ "ಸೀತಾ ಪ್ರೆವಿಯಾ" ಅಂತ ಹೆಸರು. ಸರ್ಕಾರಿ ತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಆದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಸಿಗುವುದೇ ಕಷ್ಟ. ಬೆಳಿಗ್ಗೆ, ಮಧ್ಯಾಹ್ನ ಬಿಡದೆ ನೋಡುತ್ತಿರಿ, ತಿರಸ್ಕಾರ ಬಂದ ಪುಟದ ಸ್ಕ್ರೀನ್‌ಶಾಟ್ ದಿನಾಂಕ ಕಾಣುವಂತೆ ಇಟ್ಟುಕೊಳ್ಳಿ. ತಿಂಗಳು ಮೀರಿದರೆ, ನೀವು ಪ್ರಯತ್ನ ಮಾಡಿದ್ದಿರಿ ಅಂತ ತೋರಿಸಲು ಬೇಕಾಗುತ್ತದೆ. ಅಪಾಯಿಂಟ್‌ಮೆಂಟ್ ಮಾರುವವರು ಸಿಗುತ್ತಾರೆ. ಅವರಿಗೆ ದುಡ್ಡು ಕೊಡಬೇಡಿ. ಅವರು ನೂರಾರು ಜಾಗ ಹಿಡಿದಿಟ್ಟುಕೊಳ್ಳುವುದರಿಂದಲೇ ನಿಮ್ಮಂಥವರಿಗೆ ಸಿಗದಿರುವುದು.

ಒಯ್ಯಬೇಕಾದದ್ದು:
- ತುಂಬಿದ ಇಎಕ್ಸ್-17 ಅರ್ಜಿ
- ಪಾಸ್‌ಪೋರ್ಟ್, ಅದರ ಮುಖಪುಟ, ವೀಸಾ ಮತ್ತು ಪ್ರವೇಶ ಮುದ್ರೆ ಇರುವ ಪುಟಗಳ ನಕಲು
- ಪಾದ್ರೋನ್ ಬೊಲಾಂತೆ
- ಇತ್ತೀಚಿನ ಬಣ್ಣದ ಫೋಟೊ
- 790-012 ನಂಬರಿನ ಶುಲ್ಕ ಕಟ್ಟಿದ ಚೀಟಿ
- ವಿಶ್ವವಿದ್ಯಾಲಯದ ದಾಖಲಾತಿ ಪತ್ರ, ಅಪಾಯಿಂಟ್‌ಮೆಂಟ್ ಚೀಟಿ

ಇದರಲ್ಲಿ ಎಡವುವುದು ಎರಡು ಕಡೆ. ಮೊದಲನೆಯದು ಫೋಟೊ. ನಮ್ಮ ಪಾಸ್‌ಪೋರ್ಟ್ ಅಳತೆಯದು ದೊಡ್ಡದು, ಅವರಿಗೆ ಬೇಕಾದದ್ದು 32 ಗುಣಿಸು 26 ಮಿಲಿಮೀಟರ್. ಮೆಟ್ರೊ ನಿಲ್ದಾಣಗಳಲ್ಲಿ ಫೋಟೊ ಯಂತ್ರದ ಗೂಡುಗಳಿವೆ, ಅಲ್ಲೇ ತೆಗೆಸಿ. ಎರಡನೆಯದು ಶುಲ್ಕ. ಮೊತ್ತ ಸುಮಾರು 16 ಯೂರೋ, ಸಣ್ಣದೇ. ಆದರೆ ಅರ್ಜಿಯನ್ನು ಕಂಪ್ಯೂಟರ್‌ನಲ್ಲಿ ತುಂಬಿ, "ಕೊಪಿಸ್ತೆರಿಯಾ" ಅನ್ನುವ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆದು, ಬ್ಯಾಂಕ್‌ಗೆ ಹೋಗಿ ಕಟ್ಟಬೇಕು. ಖಾತೆ ಇಲ್ಲದವರಿಂದ ನಗದು ತೆಗೆದುಕೊಳ್ಳುವುದಕ್ಕೆ ಎಷ್ಟೋ ಬ್ಯಾಂಕ್‌ಗಳು ಬೆಳಗಿನ ಒಂದೆರಡು ಗಂಟೆಯನ್ನು ಮಾತ್ರ ಇಟ್ಟಿರುತ್ತವೆ. ಹನ್ನೊಂದಕ್ಕೆ ಹೋದರೆ ಕೌಂಟರ್‌ನವರು ತಲೆ ಅಲ್ಲಾಡಿಸಿ ನಾಳೆ ಬನ್ನಿ ಅನ್ನುತ್ತಾರೆ. ಅಪಾಯಿಂಟ್‌ಮೆಂಟ್ ದಿನ ಬೆಳಿಗ್ಗೆ ಕಟ್ಟೋಣ ಅಂತ ಇಟ್ಟುಕೊಳ್ಳಲೇಬೇಡಿ, ಎರಡು ದಿನ ಮುಂಚೆ ಮುಗಿಸಿ.

ಚೀಟಿಯಲ್ಲಿ ಬರೆದ ಪೊಲೀಸ್ ಕಚೇರಿಗೇ ಹೋಗಿ, ಹತ್ತಿರ ಇದೆ ಅಂತ ಬೇರೆಯದಕ್ಕೆ ಅಲ್ಲ. ಬೆರಳಚ್ಚು ಕೊಟ್ಟಮೇಲೆ "ರೆಸ್ಗುವಾರ್ದೊ" ಅನ್ನುವ ಸ್ವೀಕೃತಿ ಚೀಟಿ ಕೊಡುತ್ತಾರೆ. ಕಾರ್ಡ್ ಬರುವವರೆಗೆ ಅದೇ ನಿಮ್ಮ ಆಧಾರ, ಜೋಪಾನ. ಕಾರ್ಡ್ ಸಾಮಾನ್ಯವಾಗಿ ಒಂದು ತಿಂಗಳ ಮೇಲೆ ಸಿದ್ಧವಾಗುತ್ತದೆ, ನೀವೇ ಹೋಗಿ ತರಬೇಕು. ಡಿಸೆಂಬರ್ ರಜೆಗೆ ಊರಿಗೆ ಬರುವ ಟಿಕೆಟ್ ಈ ಲೆಕ್ಕ ನೋಡಿಯೇ ಮಾಡಿ. ವೀಸಾ ಮುಗಿದು ಕಾರ್ಡ್ ಬಾರದೆ ಇದ್ದಾಗ ದೇಶ ಬಿಡಬೇಕಾದರೆ ಮರುಪ್ರವೇಶದ ಅನುಮತಿ ಬೇರೆ ತೆಗೆದುಕೊಳ್ಳಬೇಕಾಗುತ್ತದೆ.

7. ಮೆಟ್ರೊ ಪಾಸು

26 ತುಂಬದವರು ಕಣ್ಣು ಮುಚ್ಚಿಕೊಂಡು "ಅಬೋನೊ ಹೋವೆನ್" ಅನ್ನುವ ಯುವಜನರ ಪಾಸ್ ಮಾಡಿಸಿ. ಮೂಲ ದರ 30 ದಿನಕ್ಕೆ 20 ಯೂರೋ, ಸಬ್ಸಿಡಿ ಇರುವ ಅವಧಿಯಲ್ಲಿ ಇನ್ನೂ ಕಡಿಮೆ. ಮೆಟ್ರೊ, ಬಸ್ಸು, ಲೋಕಲ್ ರೈಲು ಎಲ್ಲಕ್ಕೂ ಅದೇ, ಮ್ಯಾಡ್ರಿಡ್ ಪ್ರಾಂತ್ಯದ ಎಲ್ಲ ವಲಯಕ್ಕೂ ನಡೆಯುತ್ತದೆ. ಏರ್‌ಪೋರ್ಟ್‌ನ ಹೆಚ್ಚುವರಿ ಶುಲ್ಕವೂ ಇಲ್ಲ. ಹೆಸರು, ಫೋಟೊ ಇರುವ ಕಾರ್ಡ್, ಸಾರಿಗೆ ಮಂಡಳಿಯ ಕಚೇರಿಯಲ್ಲಿ ಸಮಯ ತೆಗೆದುಕೊಂಡು ಹೋದರೆ ಮಾಡಿಕೊಡುತ್ತಾರೆ. 26 ದಾಟಿದವರಿಗೆ ಪಾಸ್ ವಲಯದ ಮೇಲೆ, ಬಹಳ ದುಬಾರಿ. ಅವರು ಮನೆ ಹುಡುಕುವಾಗಲೇ "ಎ" ವಲಯದ ಒಳಗಿದೆಯಾ ನೋಡಿಕೊಳ್ಳಿ.

ಅಲ್ಲಿ ಮೆಟ್ರೊ ರೈಲು ಎಡಗಡೆ ಓಡುತ್ತದೆ, ರಸ್ತೆಯಲ್ಲಿ ವಾಹನಗಳು ಬಲಗಡೆ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಿ. ಹಳೇ ಬೋಗಿಗಳ ಬಾಗಿಲು ತಾನಾಗಿ ತೆರೆಯುವುದಿಲ್ಲ, ಗುಂಡಿ ಒತ್ತಬೇಕು ಅಥವಾ ಹಿಡಿ ಎತ್ತಬೇಕು.

8. ದುಡ್ಡು

ಟಿಐಇ ಕಾರ್ಡ್ ಬರುವ ಮುಂಚೆಯೂ ಪಾಸ್‌ಪೋರ್ಟ್ ತೋರಿಸಿ ಅನಿವಾಸಿ ಖಾತೆ ತೆರೆಯಬಹುದು. ತಿಂಗಳ ಶುಲ್ಕ ಎಷ್ಟು ಅಂತ ಮೊದಲೇ ಕೇಳಿ. ಖಾತೆ ಬಂದಮೇಲೆ "ಬಿಸುಮ್" ಚಾಲೂ ಮಾಡಿಕೊಳ್ಳಿ, ಫೋನ್ ನಂಬರಿಗೇ ದುಡ್ಡು ಕಳಿಸುವ ವ್ಯವಸ್ಥೆ. ರೂಮ್‌ಮೇಟ್‌ಗಳ ಲೆಕ್ಕವೆಲ್ಲ ಅದರಲ್ಲೇ ನಡೆಯುತ್ತದೆ.

ಎಟಿಎಂ ಅಥವಾ ಅಂಗಡಿಯ ಯಂತ್ರ "ರೂಪಾಯಿಯಲ್ಲಿ ಕಡಿತ ಮಾಡಲಾ?" ಅಂತ ಕೇಳಿದರೆ ಬೇಡ ಅನ್ನಿ. ಯೂರೋದಲ್ಲೇ ಅಂತ ಒತ್ತಿ. ರೂಪಾಯಿ ಅಂದರೆ ಆ ಯಂತ್ರದವರು ತಮಗೆ ಬೇಕಾದ ದರ ಹಾಕಿಕೊಳ್ಳುತ್ತಾರೆ.

9. ಊಟ

ಮಧ್ಯಾಹ್ನದ ಊಟ ಎರಡರಿಂದ ನಾಲ್ಕು, ರಾತ್ರಿಯದು ಒಂಬತ್ತರ ಮೇಲೆ. ಹನ್ನೆರಡೂವರೆಗೆ ಹಸಿದು ಹೋದರೆ ಅಡುಗೆಮನೆ ಮುಚ್ಚಿರುತ್ತದೆ. ವಾರದ ದಿನಗಳಲ್ಲಿ "ಮೆನು ದೆಲ್ ದಿಯಾ" ಒಳ್ಳೆಯ ಲೆಕ್ಕ: ಎರಡು ಬಗೆಯ ಅಡುಗೆ, ಬ್ರೆಡ್, ಕುಡಿಯಲು ಒಂದು, ಕೊನೆಗೆ ಸಿಹಿ ಅಥವಾ ಕಾಫಿ, ಎಲ್ಲ ಸೇರಿ ಒಂದೇ ದರ.

ಸಸ್ಯಾಹಾರಿಗಳು ಗಮನವಿಟ್ಟು ಓದಿ. "ಸೊಯ್ ಬೆಹೆತಾರಿಯಾನೊ" (ಹೆಣ್ಣುಮಕ್ಕಳು "ಬೆಹೆತಾರಿಯಾನಾ" ಅನ್ನಬೇಕು) ಅಂದರೆ ಸಾಕಾಗುವುದಿಲ್ಲ. ಎಷ್ಟೋ ಜನರ ಮನಸ್ಸಲ್ಲಿ "ಕಾರ್ನೆ" ಅಂದರೆ ದೊಡ್ಡ ಮಾಂಸದ ತುಂಡು. ಮೇಲೆ ಉದುರಿಸಿದ ಹಂದಿಮಾಂಸದ ಚೂರು, ಸಲಾಡ್‌ನೊಳಗಿನ ಮೀನು ಲೆಕ್ಕಕ್ಕೇ ಬರುವುದಿಲ್ಲ. ಬೋರ್ಡ್ ಮೇಲಿನ ಪಟ್ಟಿ ನೋಡಿ. "ಎನ್ಸಲಾದಾ ಮಿಕ್ಸ್ತಾ" ಬರೀ ಸೊಪ್ಪು, ಟೊಮೆಟೊ ಅನ್ನಿಸುತ್ತದೆ, ಟ್ಯೂನಾ ಮೀನು ಮತ್ತು ಮೊಟ್ಟೆ ಇರುತ್ತದೆ. "ಲೆಂತೆಹಾಸ್" ನಮ್ಮ ಬೇಳೆಯೇ, ಆದರೆ ಚೊರೀಸೊ ಅನ್ನುವ ಹಂದಿಮಾಂಸದ ತುಂಡು ಹಾಕಿ ಬೇಯಿಸಿರುತ್ತಾರೆ. "ಹುದಿಯಾಸ್ ಬೆರ್ದೆಸ್" ಹುರುಳಿಕಾಯಿ, ಮೇಲೆ ಹಮೋನ್ ಅನ್ನುವ ಒಣಗಿಸಿದ ಹಂದಿಮಾಂಸ. ಆದ್ದರಿಂದ ಬಿಡಿಸಿ ಹೇಳಿ: "ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್, ಸಿನ್ ಆತುನ್." ಮಾಂಸ, ಮೀನು, ಹಮೋನ್, ಟ್ಯೂನಾ ಬೇಡ. ಮೊಟ್ಟೆ ತಿನ್ನದವರು "ಸಿನ್ ವೆವೊ" ಸೇರಿಸಿ. "ತೋರ್ತಿಯಾ" ಅಂದರೆ ಅಲ್ಲಿ ಆಲೂಗಡ್ಡೆ ಹಾಕಿದ ದಪ್ಪ ಮೊಟ್ಟೆ ದೋಸೆ, ರೊಟ್ಟಿಯಲ್ಲ. ಕ್ರಿಸ್ಮಸ್ ಹೊತ್ತಿಗೆ ಬರುವ "ಪೊಲ್ಬೊರೋನ್" ಬಿಸ್ಕತ್ತಿಗೆ ಹಂದಿ ಕೊಬ್ಬು ಹಾಕುವುದು ಸಂಪ್ರದಾಯ, ಪೊಟ್ಟಣದ ಮೇಲೆ "ಮಾಂತೆಕಾ" ಅಂತಿದ್ದರೆ ಬಿಡಿ. ಟೊಮೆಟೊ ತಿಕ್ಕಿದ ಬ್ರೆಡ್, ಉಪ್ಪು ಹಾಕಿ ಕರಿದ, ಪಾದ್ರೋನ್ ಅನ್ನುವ ಜಾತಿಯ ಮೆಣಸಿನಕಾಯಿ, ಗಸ್ಪಾಚೊ ಅನ್ನುವ ತಣ್ಣನೆ ಟೊಮೆಟೊ ಸಾರು, ಇವಕ್ಕೆ ಸಾಮಾನ್ಯವಾಗಿ ಭಯವಿಲ್ಲ.

ಮನೆ ಅಡುಗೆ ಮಾಡಿಕೊಳ್ಳುವವರಿಗೆ ಕಡಲೆಕಾಳು, ಮಸೂರ, ಮೊಸರು, ತರಕಾರಿ ಯಾವ ಸೂಪರ್‌ಮಾರ್ಕೆಟ್‌ನಲ್ಲೂ ಸಿಗುತ್ತವೆ. ಅಕ್ಕಿ ಕೊಳ್ಳುವಾಗ "ರೆದೊಂದೊ" ಬೇಡ, ಅನ್ನ ಮುದ್ದೆಯಾಗುತ್ತದೆ. "ಲಾರ್ಗೊ" ತೆಗೆದುಕೊಳ್ಳಿ. ತೊಗರಿಬೇಳೆ, ರವೆ, ಗೋಧಿ ಹಿಟ್ಟು, ಹುಣಸೆಹಣ್ಣಿಗೆ ಲಾವಾಪಿಯೆಸ್ ಬಡಾವಣೆಗೆ ಹೋಗಿ, ಅಲ್ಲಿ ಬಾಂಗ್ಲಾದೇಶದವರ ಅಂಗಡಿಗಳು ಸಾಲಾಗಿವೆ. ಒಗ್ಗರಣೆ ಹಾಕುವಾಗ ಚಿಮಣಿ ಹಾಕಿ, ಕಿಟಕಿ ತೆರೆಯಿರಿ. ಮೆಣಸಿನಕಾಯಿ ಘಾಟು ರೂಮ್‌ಮೇಟ್‌ಗಳಿಗೆ ಅಭ್ಯಾಸ ಇರುವುದಿಲ್ಲ.

ಸಣ್ಣ ಅಂಗಡಿಗಳು ಮಧ್ಯಾಹ್ನ ಎರಡರಿಂದ ಐದರವರೆಗೆ ಮುಚ್ಚುತ್ತವೆ, ಸರ್ಕಾರಿ ಕಚೇರಿಗಳ ಕೆಲಸ ಹೆಚ್ಚಾಗಿ ಎರಡಕ್ಕೇ ಮುಗಿಯುತ್ತದೆ. ಅಕ್ಟೋಬರ್ 12, ನವೆಂಬರ್ 1, ಡಿಸೆಂಬರ್ 6 ಮತ್ತು 8 ದೇಶದ ರಜೆ, ನವೆಂಬರ್ 9 ಮ್ಯಾಡ್ರಿಡ್‌ಗೆ ಮಾತ್ರ. ಅಂಗಡಿಗೆ ಕಾಲಿಟ್ಟಾಗ "ಓಲಾ, ಬ್ವೆನಾಸ್" ಅನ್ನಿ, ಅನ್ನದೆ ನೇರ ಕೇಳುವುದು ಒರಟು ಅನ್ನಿಸುತ್ತದೆ. ಸಾಲು ಕಾಣದ ಕಡೆ "ಕ್ಯೆನ್ ಎಸ್ ಎಲ್ ಉಲ್ತಿಮೊ?" ಅಂತ ಕೇಳಿ. ಕೊನೆಯಲ್ಲಿರುವವರು ಕೈ ಎತ್ತುತ್ತಾರೆ, ಅವರ ನಂತರ ನಿಮ್ಮ ಸರದಿ. ಎಲ್ಲರೂ ಅಲ್ಲಲ್ಲಿ ಚದುರಿ ನಿಂತಿದ್ದರೂ ಸರದಿ ತಪ್ಪುವುದಿಲ್ಲ.

10. ಆರೋಗ್ಯ ಮತ್ತು ಜೇಬು

ತುರ್ತಿಗೆ 112, ಎಲ್ಲಕ್ಕೂ ಅದೊಂದೇ ನಂಬರ್. ಸಣ್ಣ ಜ್ವರ, ನೆಗಡಿಗೆ ಹಸಿರು ಶಿಲುಬೆ ಇರುವ ಔಷಧಿ ಅಂಗಡಿಯಲ್ಲೇ ಕೇಳಿ, ಸಲಹೆ ಕೊಡುತ್ತಾರೆ. ನಮ್ಮಲ್ಲಿಯ ಹಾಗೆ ಚೀಟಿ ಇಲ್ಲದೆ ಆ್ಯಂಟಿಬಯಾಟಿಕ್ ಕೊಡುವುದಿಲ್ಲ. ವಿಮೆ ಕಂಪನಿಯ "ಕ್ವಾದ್ರೊ ಮೆದಿಕೊ", ಅಂದರೆ ಒಪ್ಪಂದದಲ್ಲಿರುವ ವೈದ್ಯರು ಮತ್ತು ಆಸ್ಪತ್ರೆಗಳ ಪಟ್ಟಿಯನ್ನು, ಆರೋಗ್ಯವಾಗಿರುವಾಗಲೇ ಫೋನಿಗೆ ಇಳಿಸಿಕೊಂಡು ಹತ್ತಿರದ ಆಸ್ಪತ್ರೆ ಗುರುತು ಮಾಡಿಡಿ.

ಮ್ಯಾಡ್ರಿಡ್‌ನಲ್ಲಿ ರಾತ್ರಿ ಓಡಾಡಲು ಅಂಥ ಹೆದರಿಕೆ ಇಲ್ಲ, ಕಾಟ ಇರುವುದು ಜೇಬುಗಳ್ಳರದ್ದು. ಸೋಲ್, ಗ್ರಾನ್ ವಿಯಾ, ಅತೋಚಾ, ಭಾನುವಾರದ ರಾಸ್ತ್ರೊ ಸಂತೆ, ಜನ ತುಂಬಿದ ಮೆಟ್ರೊ ಬೋಗಿ ಇವರ ಜಾಗಗಳು. ಫೋನನ್ನು ಹೋಟೆಲ್ ಮೇಜಿನ ಮೇಲೆ ಇಡಬೇಡಿ. ನಕ್ಷೆ ಹಿಡಿದು ದಾರಿ ಕೇಳುವ ನೆಪದಲ್ಲಿ ಅದರ ಕೆಳಗಿನಿಂದ ಫೋನ್ ಎತ್ತುತ್ತಾರೆ. ಚೀಲ ಬೆನ್ನಿಗಲ್ಲ, ಎದೆಗೆ. ಪಾಸ್‌ಪೋರ್ಟ್ ಮನೆಯಲ್ಲಿ ಬಿಟ್ಟು ನಕಲು ಇಟ್ಟುಕೊಂಡು ತಿರುಗಿ, ಕಚೇರಿ ಕೆಲಸದ ದಿನ ಮಾತ್ರ ಮೂಲಪ್ರತಿ ಒಯ್ಯಿರಿ.

ಪಾಸ್‌ಪೋರ್ಟ್ ಕಳೆದೇಹೋದರೆ ಮೊದಲು ಪೊಲೀಸ್ ದೂರು, "ದೆನುನ್ಸಿಯಾ". ಮಧ್ಯ ಊರಿನಲ್ಲಿ ಲೆಗಾನಿತೋಸ್ ಬೀದಿಯ ಠಾಣೆಯಲ್ಲಿ ವಿದೇಶಿ ಪ್ರವಾಸಿಗರಿಗೆ ನೆರವಾಗುವ ವಿಭಾಗವಿದೆ, ಭಾಷೆಯ ತೊಂದರೆ ಇರುವವರು ಅಲ್ಲಿಗೆ ಹೋಗಿ. ದೂರಿನ ಪ್ರತಿ ಹಿಡಿದು ಭಾರತದ ರಾಯಭಾರ ಕಚೇರಿಗೆ. ಅದು ಪೀಯೊ ಹನ್ನೆರಡನೆಯ ಅವೆನ್ಯೂದಲ್ಲಿದೆ, ಮೆಟ್ರೊ 9ನೇ ಮಾರ್ಗದಲ್ಲಿ ಅದೇ ಹೆಸರಿನ ನಿಲ್ದಾಣವಿದೆ. ಬಂದ ಮೊದಲ ವಾರದಲ್ಲೇ ಪಾಸ್‌ಪೋರ್ಟ್, ವೀಸಾ, ವಿಮೆಯ ಸ್ಕ್ಯಾನ್‌ಗಳನ್ನು ನಿಮ್ಮದೇ ಮೇಲ್‌ಗೆ ಕಳಿಸಿಟ್ಟುಕೊಳ್ಳಿ. ಒಂದು ಪ್ರತಿ ಊರಲ್ಲಿ ಅಪ್ಪ ಅಮ್ಮನ ಫೋನಲ್ಲೂ ಇರಲಿ.